ಐದು ಜನ, ಏಳು ರಾತ್ರಿ: ಮೋಟರ್‌ಹೋಮ್ ಬಾಡಿಗೆ ಹಿಡಿಯುವ ಮುಂಚೆ ಏನೇನು ಕೇಳಿಕೊಳ್ಳಬೇಕು?

ಮೊದಲಸಲ:

ಎಲ್ಲರಿಗೂ ನಮಸ್ಕಾರ. ರಜೆಗೆ ಏಳು ರಾತ್ರಿ, ಒಟ್ಟು ಸುಮಾರು 1,400 ಕಿ.ಮೀ., ಮೋಟರ್‌ಹೋಮ್‌ನಲ್ಲಿ (ಹಾಸಿಗೆ, ಅಡುಗೆ, ಟಾಯ್ಲೆಟ್ ಎಲ್ಲ ಒಳಗೇ ಇರುವ ಗಾಡಿ) ಸುತ್ತೋಣ ಅಂತಿದ್ದೇವೆ. ಐದು ಜನ: ನಾನು, ಹೆಂಡತಿ, 9 ಮತ್ತು 4 ವರ್ಷದ ಮಕ್ಕಳು, ಮಂಡಿನೋವಿರುವ ಅಮ್ಮ. ಇಬ್ಬರಿಗೂ ಕಾರು ಬಿಟ್ಟರೆ ದೊಡ್ಡ ಗಾಡಿ ಓಡಿಸಿ ಗೊತ್ತಿಲ್ಲ.

ಬಾಡಿಗೆಯವರು ಎರಡು ಗಾಡಿ ತೋರಿಸಿದ್ದಾರೆ. ಒಂದು 6 ಮೀಟರ್ ಉದ್ದದ ಕ್ಯಾಂಪರ್‌ವ್ಯಾನ್. ನಾಲ್ಕು ಜನ ಮಲಗಬಹುದಂತೆ, ಐದನೆಯವರಿಗೆ ಹೆಚ್ಚುವರಿ ಹಾಸಿಗೆ ಕೊಡುತ್ತಾರಂತೆ. ಇನ್ನೊಂದು 7.4 ಮೀಟರ್, ಡ್ರೈವರ್ ತಲೆಯ ಮೇಲೆ ಅಟ್ಟದಂಥ ಹಾಸಿಗೆ ಇರುವಂಥದ್ದು, ಆರು ಜನಕ್ಕೆ. ಎರಡನೆಯದಕ್ಕೆ ಬಾಡಿಗೆ ಜಾಸ್ತಿ. ಚಿಕ್ಕದರಲ್ಲೇ ಹೊಂದಿಸಿಕೊಳ್ಳಬಹುದಾ? ರಾತ್ರಿಯಿಡೀ ಎಸಿ ಹಾಕಿ ಮಲಗಬಹುದಾ? ಟಾಯ್ಲೆಟ್ ಎಷ್ಟು ದಿನಕ್ಕೊಮ್ಮೆ ಖಾಲಿ ಮಾಡಬೇಕು? ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಏನೇನು ಕೇಳಬೇಕು?

ಆಕ್ಸಲ್:

ಎಷ್ಟು ಜನ ಮಲಗಬಹುದು ಅನ್ನುವುದನ್ನು ಸದ್ಯಕ್ಕೆ ಬದಿಗಿಡಿ. ಎಷ್ಟು ಸೀಟ್‌ಬೆಲ್ಟ್ ಇವೆ ಅಂತ ಕೇಳಿ. ಆರು ಹಾಸಿಗೆ, ನಾಲ್ಕೇ ಬೆಲ್ಟ್ ಇರುವ ಗಾಡಿಗಳು ಬೇಕಾದಷ್ಟಿವೆ. ಗಾಡಿಯ ದಾಖಲೆಯಲ್ಲಿ ನಾಲ್ಕು ಸೀಟು ಅಂತಿದ್ದರೆ ಐದನೆಯವರನ್ನು ಕೂರಿಸಿಕೊಂಡು ಹೋದರೆ ವಿಮೆ ಕೈಕೊಡಬಹುದು. ನಿಮ್ಮ ಕ್ಯಾಂಪರ್‌ವ್ಯಾನ್‌ನ ಕಥೆ ಬಹುಶಃ ಇದೇ. ಹೆಚ್ಚುವರಿ ಹಾಸಿಗೆ ಕೊಡುತ್ತಾರೆ ಸರಿ, ಹೆಚ್ಚುವರಿ ಬೆಲ್ಟ್ ಎಲ್ಲಿಂದ ತರುತ್ತಾರೆ?

ಬೆಲ್ಟ್ ಯಾವ ತರಹದ್ದು ಅನ್ನುವುದೂ ಮುಖ್ಯ. ಮಗುವಿನ ಸೀಟಿಗೆ ಮುಂದಕ್ಕೆ ಮುಖ ಮಾಡಿರುವ, ಭುಜದ ಮೇಲಿಂದಲೂ ಬರುವ ಮೂರು ಬಿಂದುವಿನ ಬೆಲ್ಟ್ ಬೇಕು. ಗೋಡೆಗೆ ಬೆನ್ನು ಕೊಟ್ಟು ಅಡ್ಡಕ್ಕೆ ಕೂರುವ ಸೋಫಾದ ಮೇಲೆ, ಬರೀ ಸೊಂಟದ ಬೆಲ್ಟ್ ಇರುವ ಕಡೆ ಮಗುವಿನ ಸೀಟು ಕಟ್ಟುವ ಹಾಗಿಲ್ಲ. ಐಸೋಫಿಕ್ಸ್ ಕೊಂಡಿ (ಬೆಲ್ಟ್ ಇಲ್ಲದೆ ಮಗುವಿನ ಸೀಟನ್ನು ನೇರ ಗಾಡಿಗೇ ಸಿಕ್ಕಿಸುವಂಥದ್ದು) ಇದೆ ಅಂದರೆ ಯಾವ ಸೀಟಿಗೆ ಅಂತ ಫೋಟೊ ತರಿಸಿಕೊಳ್ಳಿ. ಎಷ್ಟೋ ಗಾಡಿಗಳಲ್ಲಿ ಊಟದ ಮೇಜಿನ ಹಿಂದಿನ ಎರಡು ಸೀಟಿಗೆ ಮಾತ್ರ ಇರುತ್ತದೆ.

ಹಾಸಿಗೆ ವಿಚಾರಕ್ಕೆ ಬಂದರೆ ನಕ್ಷೆಯನ್ನು ಹಗಲಿನ ರೂಪ, ರಾತ್ರಿಯ ರೂಪ ಎರಡರಲ್ಲೂ ಕೇಳಿ. ಮಂಡಿನೋವಿನವರಿಗೆ ಅಟ್ಟದ ಹಾಸಿಗೆಯ ಏಣಿ ಆಗುವ ಮಾತಲ್ಲ. ಹಿಂಬದಿಯ ಖಾಯಂ ಹಾಸಿಗೆಯ ಕೆಳಗೆ ಸಾಮಾನಿನ ದೊಡ್ಡ ಡಿಕ್ಕಿ ಇದ್ದರೆ ಆ ಹಾಸಿಗೆ ಒಂದು ಮೀಟರಿಗೂ ಎತ್ತರ ಇರಬಹುದು. ಅದೂ ಕಷ್ಟವೇ. ಊಟದ ಮೇಜನ್ನು ಇಳಿಸಿ ಮಾಡುವ ಹಾಸಿಗೆ ತಗ್ಗಾಗಿರುತ್ತದೆ, ಆದರೆ ದಿನಾ ಕಟ್ಟಬೇಕು, ಬಿಚ್ಚಬೇಕು. ಅದನ್ನು ಬಿಡಿಸಿದ ಮೇಲೆ ಟಾಯ್ಲೆಟ್ ಬಾಗಿಲಿಗೆ ದಾರಿ ಉಳಿಯುತ್ತದಾ ಅಂತ ನಕ್ಷೆಯಲ್ಲಿ ಬೆರಳಿಟ್ಟು ನೋಡಿ. ವ್ಯಾನ್‌ನಲ್ಲಿ ಅಡ್ಡಕ್ಕೆ ಹಾಕಿದ ಹಾಸಿಗೆ 1.85 ಮೀಟರ್ ಆಸುಪಾಸು ಇರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆಯನ್ನು ಅಲ್ಲಿ ಅಕ್ಷರಶಃ ಪಾಲಿಸಬೇಕಾಗುತ್ತದೆ.

ಇನ್ನು ತೂಕ. ಇದನ್ನು ಯಾರೂ ಕೇಳುವುದೇ ಇಲ್ಲ. ಗಾಡಿಯ ಗರಿಷ್ಠ ತೂಕ 3,500 ಕೆಜಿ, ಖಾಲಿ ತೂಕ 2,950 ಕೆಜಿ ಅಂದುಕೊಳ್ಳಿ. ಉಳಿದಿದ್ದು 550. ನೀವು ಐದು ಜನ ಸೇರಿ 245, 100 ಲೀಟರ್ ನೀರು 100, ಎರಡು ಗ್ಯಾಸ್ ಸಿಲಿಂಡರ್ 45, ಬಟ್ಟೆ ಮತ್ತು ದಿನಸಿ 75, ಕುರ್ಚಿ, ಮೇಜು, ಪಾತ್ರೆ 40. ಇಲ್ಲಿಗೇ 505 ಆಯಿತು. ನಾಲ್ಕು ಸೈಕಲ್ಲು, ಅವುಗಳ ಸ್ಟ್ಯಾಂಡ್ ಸೇರಿ 70 ಹಾಕಿದರೆ ಮಿತಿ ದಾಟಿತು.

ಅದೂ ಸೈಕಲ್ ಸ್ಟ್ಯಾಂಡ್ ಕೂರುವುದು ಗಾಡಿಯ ಬಾಲದಲ್ಲಿ. ಮುಂದಿನ ಮತ್ತು ಹಿಂದಿನ ಆಕ್ಸಲ್ (ಚಕ್ರಗಳ ಅಚ್ಚು) ನಡುವೆ 4 ಮೀಟರ್ ಇದ್ದು, ಸ್ಟ್ಯಾಂಡ್ ಹಿಂದಿನ ಆಕ್ಸಲ್‌ನಿಂದ 2.5 ಮೀಟರ್ ಆಚೆ ಇದ್ದರೆ ಆ 70 ಕೆಜಿ ಹಿಂದಿನ ಆಕ್ಸಲ್ ಮೇಲೆ ಸುಮಾರು 114 ಕೆಜಿಯಾಗಿ ಬೀಳುತ್ತದೆ, ಮುಂದಿನ ಆಕ್ಸಲ್‌ನಿಂದ 44 ಕೆಜಿ ಎತ್ತಿಬಿಡುತ್ತದೆ. ಸನ್ನೆಗೋಲಿನ ತುದಿ ಒತ್ತಿದ ಹಾಗೆ. ಮುಂದಿನ ಚಕ್ರ ಎಳೆಯುವ ಗಾಡಿಯಾದರೆ ಒದ್ದೆ ಹುಲ್ಲಿನ ಏರಿನಲ್ಲಿ ಚಕ್ರ ಸುಮ್ಮನೆ ತಿರುಗುತ್ತಾ ನಿಲ್ಲುತ್ತದೆ.

ನನ್ನ ಮಟ್ಟಿಗೆ ನಿಮಗೆ 7.4 ಮೀಟರಿನದೇ ಸರಿ, ಅದರಲ್ಲಿ ಐದು ಸರಿಯಾದ ಬೆಲ್ಟ್ ಇದ್ದರೆ. ನೀವಿಬ್ಬರೂ ಹೊಂದಿರುವ ಲೈಸೆನ್ಸ್ ಎಷ್ಟು ತೂಕದವರೆಗೆ ನಡೆಯುತ್ತದೆ ಅನ್ನುವುದನ್ನೂ ಇವತ್ತೇ ನೋಡಿಕೊಳ್ಳಿ. ಸಾಮಾನ್ಯ ಕಾರಿನ ಲೈಸೆನ್ಸ್ 3,500 ಕೆಜಿಗೆ ನಿಲ್ಲುವ ಕಡೆ ಅದಕ್ಕಿಂತ ಭಾರದ ಮೋಟರ್‌ಹೋಮ್ ಓಡಿಸುವಂತಿಲ್ಲ.

ಹನ್ನೆರಡುವೋಲ್ಟ್:

ಎಸಿ ಪ್ರಶ್ನೆಗೆ ಉತ್ತರ: ಹೊರಗಿನ ಕರೆಂಟು ಚುಚ್ಚಿಕೊಂಡಿದ್ದರೆ ಹೌದು, ಬರೀ ಬ್ಯಾಟರಿಯಲ್ಲಿ ಇಲ್ಲ. ಇಂಥ ಗಾಡಿಯಲ್ಲಿ ಎರಡು ಎಸಿ ಇರುತ್ತವೆ. ಡ್ಯಾಶ್‌ಬೋರ್ಡಿನದು ಎಂಜಿನ್ ಓಡುತ್ತಿದ್ದರೆ ಮಾತ್ರ. ಛಾವಣಿಯದು ಮನೆಯ ಎಸಿ ತರಹ, ಅದಕ್ಕೆ ಮೇನ್ಸ್ (ಹೊರಗಿನ ಕರೆಂಟು) ಅಥವಾ ಜನರೇಟರ್ ಬೇಕು. 1,300 ವ್ಯಾಟಿನ ಎಸಿಯನ್ನು ಇನ್ವರ್ಟರ್ ಮೂಲಕ ನಡೆಸಿದರೆ 12 ವೋಲ್ಟ್ ಬ್ಯಾಟರಿಯಿಂದ ಸುಮಾರು 120 ಆಂಪ್ ಎಳೆಯುತ್ತದೆ. 100 ಆಂಪ್-ಅವರ್ (100 ಆಂಪನ್ನು ಒಂದು ಗಂಟೆ ಕೊಡುವಷ್ಟು) ಲಿಥಿಯಂ ಬ್ಯಾಟರಿ ಒಂದು ಗಂಟೆಯೂ ಬಾಳುವುದಿಲ್ಲ.

ಆದ್ದರಿಂದ ಗಾಡಿಯ ಮನೆ ಕಡೆಯ (ದೀಪ, ಫ್ರಿಜ್, ಪಂಪಿಗೆ ಕರೆಂಟು ಕೊಡುವ) ಬ್ಯಾಟರಿ ಯಾವುದು, ಎಷ್ಟರದು ಅಂತ ಕೇಳಿ. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿ ಬೇರೆ, ಅದರ ಲೆಕ್ಕ ಬೇಡ. 100 ಆಂಪ್-ಅವರ್‌ನ ಎಜಿಎಂ (ಸೀಸ-ಆಮ್ಲದ ಒಂದು ಬಗೆ) ಬ್ಯಾಟರಿ ಅಂದರೆ ಬಳಸಲು ಸಿಗುವುದು 50. ಅರ್ಧಕ್ಕಿಂತ ಕೆಳಗೆ ಪದೇಪದೇ ಇಳಿಸಿದರೆ ಅದರ ಆಯುಸ್ಸು ಕರಗುತ್ತದೆ. ಲಿಥಿಯಂ ಆದರೆ 80-90 ಧಾರಾಳವಾಗಿ ತೆಗೆಯಬಹುದು. ಖರ್ಚಿನ ಕಡೆ ನೋಡಿ: ಕಂಪ್ರೆಸರ್ ಫ್ರಿಜ್ ದಿನಕ್ಕೆ 30ರಿಂದ 50 ಆಂಪ್-ಅವರ್, ರಾತ್ರಿ ಹೀಟರ್‌ನ ಫ್ಯಾನ್ 10, ದೀಪ, ಪಂಪು, ಐದಾರು ಫೋನು ಸೇರಿ ಇನ್ನೊಂದು 12-15. ಎಜಿಎಂ ಒಂದೇ ಇದ್ದರೆ ಕರೆಂಟಿಲ್ಲದೆ ಒಂದು ರಾತ್ರಿ, ಅಷ್ಟೇ. ಮೋಡವಿಲ್ಲದ ದಿನ 100 ವ್ಯಾಟ್‌ನ ಸೋಲಾರ್ ಫಲಕ 25-30 ಆಂಪ್-ಅವರ್ ವಾಪಸ್ ಕೊಡುತ್ತದೆ, ಗಾಡಿಯನ್ನು ಮರದ ನೆರಳಿಗೆ ನಿಲ್ಲಿಸಿದರೆ ಅದೂ ಇಲ್ಲ.

ಹೊರಗಿನ ಕರೆಂಟಿಗೂ ಮಿತಿ ಇದೆ. 230 ವೋಲ್ಟ್‌ನಲ್ಲಿ 16 ಆಂಪ್ ಕಂಬ (ಕ್ಯಾಂಪಿಂಗ್ ಜಾಗದಲ್ಲಿ ಗಾಡಿಗೆ ಕರೆಂಟು ಕೊಡುವಂಥದ್ದು) ಅಂದರೆ 3,680 ವ್ಯಾಟ್, 6 ಆಂಪ್ ಅಂದರೆ ಬರೀ 1,380. 120 ವೋಲ್ಟ್ ಇರುವ ಕಡೆ 30 ಆಂಪ್ ಅಂದರೆ 3,600. ಎಸಿ ಓಡುತ್ತಿರುವಾಗ 2,000 ವ್ಯಾಟಿನ ಕೆಟಲ್ ಹಾಕಿದರೆ 10 ಆಂಪ್ ಕಂಬದ ಎಂಸಿಬಿ ಬೀಳುತ್ತದೆ, ಅಕ್ಕಪಕ್ಕದವರು ನಿಮ್ಮ ಕಡೆ ತಿರುಗಿ ನೋಡುತ್ತಾರೆ. ಕೇಬಲ್ ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಸಿ. ಕಂಬ ಎರಡೇ ಮೀಟರ್ ದೂರ ಇದೆ ಅಂತ ಉಳಿದ 23 ಮೀಟರನ್ನು ಉರುಟಿನಲ್ಲೇ ಬಿಟ್ಟರೆ ಒಳಗಿನ ಶಾಖ ಹೊರಹೋಗಲು ದಾರಿಯಿಲ್ಲದೆ ಇನ್ಸುಲೇಶನ್ ಮೆತ್ತಗಾಗಿ ಕರಗಬಹುದು.

ಜನರೇಟರ್ ಇರುವ ಗಾಡಿಯಾದರೆ ಗಂಟೆ ಲೆಕ್ಕದ ಶುಲ್ಕ ಇದೆಯಾ ಕೇಳಿ, ಮೀಟರಿನ ಅಂಕಿಯ ಫೋಟೊ ತೆಗೆಯಿರಿ. ಎಂಜಿನ್‌ನ ಟ್ಯಾಂಕಿನಿಂದಲೇ ಇಂಧನ ಎಳೆಯುವ ಜನರೇಟರ್‌ಗಳು ಟ್ಯಾಂಕು ಕಾಲು ಭಾಗಕ್ಕೆ ಇಳಿದಾಗ ತಾವಾಗಿಯೇ ನಿಲ್ಲುತ್ತವೆ. ಕೆಟ್ಟುಹೋಗಿದ್ದಲ್ಲ. ನೀವು ಊರು ಸೇರಲಿ ಅಂತ ಕೊಳವೆಯನ್ನೇ ಎತ್ತರದಲ್ಲಿ ಇಟ್ಟಿರುತ್ತಾರೆ.

ನೀರಗಂಟಿ:

ಟಾಯ್ಲೆಟ್ ಬಗ್ಗೆ. ಎರಡು ಪದ್ಧತಿ ಇವೆ, ಮೊದಲು ನಿಮ್ಮದು ಯಾವುದು ಕೇಳಿ.

ಒಂದು, ಕ್ಯಾಸೆಟ್. ಸೂಟ್‌ಕೇಸ್‌ನಂಥ ಡಬ್ಬ, 17ರಿಂದ 20 ಲೀಟರ್, ಗಾಡಿಯ ಹೊರಬದಿಯ ಪುಟ್ಟ ಬಾಗಿಲಿಂದ ಎಳೆದು ತೆಗೆಯಬೇಕು. ಇಬ್ಬರಿಗೆ ಎರಡು ಮೂರು ದಿನ ಬರುತ್ತದೆ. ಐದು ಜನ ಇದನ್ನೇ ಬಳಸಿದರೆ ದಿನಾ ಒಂದು ಸಲ ಖಾಲಿ ಮಾಡಬೇಕು, ಅನುಮಾನವೇ ಬೇಡ. ಎಳೆಯುವ ಮುಂಚೆ ಒಳಗಿನ ಮುಚ್ಚಳ ಪೂರ್ತಿ ಮುಚ್ಚಿದೆಯಾ ನೋಡಿ. ಸುರಿಯುವಾಗ ಮೂತಿ ಕೆಳಮುಖ ಆದ ಮೇಲೆ ಗಾಳಿಯ ಗುಂಡಿ ಒತ್ತಿ. ಗಾಳಿ ಒಳಹೋದರೆ ಧಾರೆ ಸಲೀಸಾಗಿ ಇಳಿಯುತ್ತದೆ. ಒತ್ತದಿದ್ದರೆ ಗುಳುಗುಳು ಅಂತ ಬಿಟ್ಟುಬಿಟ್ಟು ಎರಚುತ್ತದೆ, ಎಲ್ಲಿಗೆ ಅಂತ ಹೇಳಬೇಕಾಗಿಲ್ಲ. ತೊಳೆದು, ಎರಡು ಲೀಟರ್ ನೀರು, ಅಳತೆಯಷ್ಟು ರಾಸಾಯನಿಕ ಹಾಕಿ ವಾಪಸ್ ತಳ್ಳಿ.

ಇನ್ನೊಂದು, ಗಾಡಿಯ ಹೊಟ್ಟೆಯಲ್ಲೇ ಇರುವ ದೊಡ್ಡ ಟ್ಯಾಂಕ್. ಶೌಚದ್ದಕ್ಕೆ ಬ್ಲ್ಯಾಕ್ ಟ್ಯಾಂಕ್, ಬಚ್ಚಲು ಮತ್ತು ಸಿಂಕಿನ ನೀರಿಗೆ ಗ್ರೇ ಟ್ಯಾಂಕ್ ಅನ್ನುತ್ತಾರೆ. ಹೊಸಬರು ಎಡವುವುದು ಒಂದೇ ಕಡೆ. ನಿಂತ ಜಾಗದಲ್ಲಿ ಒಳಚರಂಡಿಗೆ ಪೈಪ್ ಸಿಕ್ಕಿಸಿ ಬ್ಲ್ಯಾಕ್ ಟ್ಯಾಂಕಿನ ವಾಲ್ವ್ ತೆರೆದೇ ಬಿಡುತ್ತಾರೆ. ನೀರೆಲ್ಲ ಆಗಿಂದಾಗ ಹರಿದುಹೋಗುತ್ತದೆ, ಗಟ್ಟಿ ಮಾತ್ರ ಕಮೋಡಿನ ನೇರ ಕೆಳಗೆ ಹುತ್ತದ ಹಾಗೆ ಬೆಳೆಯುತ್ತದೆ. ಒಣಗಿದ ಮೇಲೆ ಅದನ್ನು ಕರಗಿಸುವುದು ಅರ್ಧ ದಿನದ ಕೆಲಸ. ವಾಲ್ವ್ ಮುಚ್ಚಿಡಿ, ಮೂರನೇ ಎರಡು ಭಾಗ ತುಂಬಿದ ಮೇಲೆ ಒಂದೇ ಸಲ ತೆರೆಯಿರಿ, ರಭಸಕ್ಕೆ ಎಲ್ಲವೂ ಕೊಚ್ಚಿಕೊಂಡು ಹೋಗುತ್ತದೆ. ಕೈಗವಸು ಹಾಕಿ, ಪೈಪಿನ ಎರಡೂ ತುದಿ ಭದ್ರವಾಗಿ ಕೂತಿದೆಯಾ ನೋಡಿ, ಮೊದಲು ಬ್ಲ್ಯಾಕ್, ಅದು ನಿಂತ ಮೇಲೆ ಗ್ರೇ. ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಹಿಂದುಮುಂದು ಮಾಡಿದರೆ ಪೈಪ್ ಗಬ್ಬಾಗಿಯೇ ಉಳಿಯುತ್ತದೆ. ಕರಗದ ಕಾಗದ, ಒದ್ದೆ ವೈಪ್ಸ್ ಹಾಕಲೇಬೇಡಿ. ಸಾಮಾನ್ಯ ಟಿಶ್ಯೂ ಕೂಡ ಟ್ಯಾಂಕಿನ ಗೋಡೆಯ ಸೆನ್ಸಾರಿಗೆ ಅಂಟಿಕೊಂಡರೆ, ಖಾಲಿ ಟ್ಯಾಂಕನ್ನೂ ಮೀಟರ್ ತುಂಬಿದೆ ಅಂತ ತೋರಿಸುತ್ತದೆ.

ಕುಡಿಯುವ ನೀರಿನ ಪೈಪು, ಟ್ಯಾಂಕ್ ತೊಳೆಯುವ ಪೈಪು ಎರಡೂ ಬೇರೆ ಇರಬೇಕು, ಬಣ್ಣವೂ ಬೇರೆ ಇದ್ದರೆ ಒಳ್ಳೆಯದು. ಒಂದೇ ಡಿಕ್ಕಿಯಲ್ಲಿ ಎರಡನ್ನೂ ತುರುಕಿಟ್ಟ ಗಾಡಿ ಕಂಡರೆ ಕುಡಿಯುವುದಕ್ಕೆ ನಿಮ್ಮದೇ ಹೊಸ ಪೈಪು ಒಯ್ಯಿರಿ.

ನೀರಿನ ಲೆಕ್ಕ: ಪಂಪು ನಿಮಿಷಕ್ಕೆ ಸುಮಾರು 10 ಲೀಟರ್ ತಳ್ಳುತ್ತದೆ. ಐದು ನಿಮಿಷ ಷವರ್ ಬಿಟ್ಟುಕೊಂಡು ನಿಂತರೆ 50 ಲೀಟರ್, ಅರ್ಧ ಟ್ಯಾಂಕು ಮುಗಿಯಿತು. ಮೈ ನೆನೆಸಿ, ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ಬಿಟ್ಟರೆ 8-10 ಲೀಟರ್‌ನಲ್ಲಿ ಸ್ನಾನ ಆಗುತ್ತದೆ. ಬಿಸಿನೀರಿನ ಬಾಯ್ಲರ್ 10 ಲೀಟರಿನದಾದರೆ, 60 ಡಿಗ್ರಿಯ ನೀರಿಗೆ ತಣ್ಣೀರು ಬೆರೆಸಿ 18 ಲೀಟರ್ ಹದವಾದ ನೀರು ಸಿಗುತ್ತದೆ. ಇಬ್ಬರ ಸ್ನಾನ, ಆಮೇಲೆ ಕಾಯಬೇಕು. ನೀವು ಐದು ಜನ. ಎಲ್ಲೂ ನಿಲ್ಲದೆ ಕಾಡುಮೇಡಿನಲ್ಲಿ ಇರುವ ಯೋಚನೆ ಇದ್ದರೆ ಎರಡು ದಿನಕ್ಕೆ ನೀರು ಮುಗಿಯುತ್ತದೆ, ಅದಕ್ಕೂ ಮುಂಚೆ ಬಚ್ಚಲು ನೀರಿನ ಟ್ಯಾಂಕ್ ತುಂಬುತ್ತದೆ. ಆದ್ದರಿಂದ ದಾರಿಯಲ್ಲಿ ನೀರು ತುಂಬಿಸುವ, ಟ್ಯಾಂಕ್ ಖಾಲಿ ಮಾಡುವ ಜಾಗಗಳನ್ನು ನಕ್ಷೆಯಲ್ಲಿ ಮೊದಲೇ ಗುರುತು ಹಾಕಿ, ಊರುಗಳನ್ನು ಆಮೇಲೆ.

ಆಕ್ಸಲ್ ಅವರೇ, ನೀರನ್ನು ತುಂಬಿಕೊಂಡೇ ಓಡಾಡುವ ಲೆಕ್ಕ ಹಾಕಿದ್ದೀರಿ. ಕರೆಂಟು, ನಲ್ಲಿ ಎಲ್ಲ ಇರುವ ಕ್ಯಾಂಪಿಂಗ್ ಜಾಗಕ್ಕೆ ಹೋಗುವಾಗ 20-25 ಲೀಟರ್ ಸಾಕಲ್ಲವೇ? ದಾರಿಯಲ್ಲಿ ಟಾಯ್ಲೆಟ್ಟಿಗೆ, ಕೈ ತೊಳೆಯಲು ಅಷ್ಟೇ ತಾನೇ.

ಆಕ್ಸಲ್:

ಒಪ್ಪಿದೆ. ನಲ್ಲಿ ಇರುವ ಕಡೆಗೆ ಹೊರಟಿದ್ದರೆ ಕಾಲು ಟ್ಯಾಂಕು ಸಾಕು. ನಾನು ಕೊಟ್ಟಿದ್ದು ನಲ್ಲಿ ಇಲ್ಲದ ಕಡೆಗೆ ಹೊರಡುವಾಗಿನ ತೂಕ. ಬೆಟ್ಟದ ದಾರಿ ಇಳಿಯುವ ದಿನವಂತೂ ಬಚ್ಚಲು ನೀರನ್ನು ಹೊತ್ತುಕೊಂಡು ಹೋಗಬೇಡಿ, ಮೊದಲು ಚೆಲ್ಲಿ. ಚೆಲ್ಲುವುದಕ್ಕೆ ಇರುವ ಜಾಗದಲ್ಲಿ.

ಸಣ್ಣಕ್ಷರ:

ದಿನದ ಬಾಡಿಗೆ ಎಷ್ಟು ಅಂತ ಹೋಲಿಸುವುದರಲ್ಲಿ ಅರ್ಥವಿಲ್ಲ. ಒಟ್ಟು ಎಷ್ಟಾಗುತ್ತದೆ ಅಂತ ಬರವಣಿಗೆಯಲ್ಲಿ ಕೇಳಿ. ನಿಮ್ಮ 1,400 ಕಿ.ಮೀ. ಅನ್ನು ಏಳು ದಿನಕ್ಕೆ ಹಂಚಿದರೆ ದಿನಕ್ಕೆ 200. ಬಾಡಿಗೆಯಲ್ಲಿ ದಿನಕ್ಕೆ 150 ಮಾತ್ರ ಸೇರಿದ್ದರೆ ಉಳಿದ 350ಕ್ಕೆ ಕಿ.ಮೀ. ಲೆಕ್ಕದಲ್ಲಿ ಕಟ್ಟಬೇಕು. ಮಿತಿಯನ್ನು ದಿನದಿನಕ್ಕೆ ನೋಡುತ್ತಾರಾ, ಕೊನೆಗೆ ಒಟ್ಟಿಗಾ? ಪಾತ್ರೆ, ಹಾಸಿಗೆ ಬಟ್ಟೆ, ಗ್ಯಾಸ್, ಮಗುವಿನ ಸೀಟು, ಎರಡನೇ ಡ್ರೈವರ್, ಗಾಡಿ ಸಿದ್ಧಪಡಿಸುವ ಶುಲ್ಕ, ಶುಚಿ ಶುಲ್ಕ ಇವೆಲ್ಲ ಒಳಗಾ ಹೊರಗಾ? ಇಂಧನವನ್ನೂ ಸೇರಿಸಿಕೊಳ್ಳಿ. ಡೀಸೆಲ್ ಕ್ಯಾಂಪರ್‌ವ್ಯಾನ್ ಲೀಟರಿಗೆ 8-10 ಕಿ.ಮೀ. ಕೊಡುತ್ತದೆ. ಅಟ್ಟದ ಹಾಸಿಗೆಯ ದೊಡ್ಡ ಪೆಟ್ರೋಲ್ ಗಾಡಿ 4-5 ಕೊಟ್ಟರೆ ಹೆಚ್ಚು, ಬಸ್ಸಿನಂಥದ್ದು ಮೂರರ ಸುತ್ತ.

ವಿಮೆ. ನಿಮ್ಮ ಸ್ವಂತ ಕಾರಿನ ಪಾಲಿಸಿ, ಕ್ರೆಡಿಟ್ ಕಾರ್ಡಿನ ಬಾಡಿಗೆ ಗಾಡಿ ರಕ್ಷಣೆ ಇವುಗಳಲ್ಲಿ ಬಹುತೇಕ ಕಡೆ ಮೋಟರ್‌ಹೋಮ್ ಹೊರಗಿರುತ್ತದೆ. ಇದೆ ಅಂತ ಊಹಿಸಿಕೊಳ್ಳಬೇಡಿ, ಲಿಖಿತ ಉತ್ತರ ತರಿಸಿಕೊಳ್ಳಿ. ಬಾಡಿಗೆಯವರ ವಿಮೆಯಲ್ಲಿ "ಸಂಪೂರ್ಣ ರಕ್ಷಣೆ" ಅಂತ ದಪ್ಪಕ್ಷರದಲ್ಲಿದ್ದರೆ ಅದರ ಕೆಳಗೆ ಏನೇನು ಸೇರಿಲ್ಲ ಅನ್ನುವ ಪಟ್ಟಿ ಹುಡುಕಿ. ಸಾಮಾನ್ಯವಾಗಿ ಹೊರಗಿಡುವಂಥವು: ಛಾವಣಿ, ತಳಭಾಗ, ಹೊರಚಾಚುವ ಬಟ್ಟೆಯ ಮಾಡು, ಟೈರು, ಮುಂಗಾಜು, ಒಳಗಿನ ಪೀಠೋಪಕರಣ, ತಪ್ಪು ಇಂಧನ, ಕಚ್ಚಾ ರಸ್ತೆ. ಅಂದರೆ ಹೊಸಬರಿಂದ ಹಾಳಾಗುವಂಥವೇ ಎಲ್ಲ. ಛಾವಣಿ ಮತ್ತು ಬಟ್ಟೆಯ ಮಾಡನ್ನು ಹೆಚ್ಚುವರಿ ಹಣ ಕೊಟ್ಟು ಸೇರಿಸಲು ಅವಕಾಶ ಇದ್ದರೆ ನಾನಾದರೆ ಅದಕ್ಕೇ ಖರ್ಚು ಮಾಡುವೆ, ಬೇರೆ ಆಕರ್ಷಣೆಗಳಿಗಲ್ಲ.

ಹಾನಿಯಾದಾಗ ನಿಮ್ಮ ಕೈಯಿಂದ ಕಟ್ಟಬೇಕಾದ ಪಾಲು ಪ್ರತಿ ಘಟನೆಗಾ, ಇಡೀ ಬಾಡಿಗೆಗೆ ಒಂದೇ ಸಲವಾ? ಎರಡು ಕಡೆ ಸಣ್ಣಗೆ ತರಚಿದರೆ ಎರಡು ಸಲ ಪೂರ್ತಿ ಕಟ್ಟಿಸಿಕೊಳ್ಳುವ ಒಪ್ಪಂದಗಳಿವೆ. ಠೇವಣಿಯನ್ನು ಕಾರ್ಡಿನಲ್ಲಿ ಎಷ್ಟು ದಿನ ತಡೆಹಿಡಿಯುತ್ತಾರೆ ಕೇಳಿ, ರಜೆಯ ಮಧ್ಯೆ ಕಾರ್ಡಿನ ಮಿತಿ ಮುಗಿದು ಕೂರುವುದು ಬೇಡ.

ದಾರಿಯಲ್ಲಿ ಎಂಜಿನ್ ಕೆಟ್ಟರೆ ಎಳೆದೊಯ್ಯುವ ಗಾಡಿ ಇಷ್ಟು ತೂಕ, ಎತ್ತರಕ್ಕೆ ಆಗುವಂಥದ್ದೇ ಬರಬೇಕು, ಕಾರಿನ ಸೇವೆ ಸಾಲದು. ಎಂಜಿನ್ ಸರಿಯಿದ್ದು ಫ್ರಿಜ್ಜೋ ಹೀಟರ್ರೋ ಕೆಟ್ಟರೆ? ಅದಕ್ಕೆ ಪರಿಹಾರ ಕೊಡುತ್ತಾರಾ, ಎಷ್ಟು ಗಂಟೆಯೊಳಗೆ ತಿಳಿಸಬೇಕು, ಫೋನಿನಲ್ಲಿ ಹೇಳಿದರೆ ಸಾಕಾ, ಬರೆದು ಕಳಿಸಬೇಕಾ? ಈ ಕಲಂ ಒಪ್ಪಂದದಲ್ಲಿ ಇಲ್ಲದಿದ್ದರೆ ಒಂದು ಸಾಲು ಬರೆಸಿ ಸಹಿ ಹಾಕಿಸಿಕೊಳ್ಳಿ.

ಮೊದಲಸಲ:

ಆಕ್ಸಲ್ ಹೇಳಿದ ಮೇಲೆ ಕೇಳಿದೆ: ಕ್ಯಾಂಪರ್‌ವ್ಯಾನ್‌ನಲ್ಲಿ ನಾಲ್ಕೇ ಬೆಲ್ಟ್. ದೊಡ್ಡದರಲ್ಲಿ ಆರು, ನಾಲ್ಕು ಮುಂದಕ್ಕೆ ಮುಖ, ಎರಡು ಹಿಂದಕ್ಕೆ, ಎಲ್ಲವೂ ಮೂರು ಬಿಂದುವಿನದು. ಹಿಂದೆ ತಗ್ಗಿನ ಖಾಯಂ ಹಾಸಿಗೆಯೂ ಇದೆ. ಹಾಗಾಗಿ ಅದೇ. ಗಾಡಿ ಕೈಗೆ ಕೊಡುವಾಗ ಏನೇನು ಪರೀಕ್ಷಿಸಬೇಕು? 7.4 ಮೀಟರ್ ಓಡಿಸುವುದು ಎಷ್ಟು ಕಷ್ಟ? ಫ್ರಿಜ್ ಮೂರು ತರಹದ್ದರಲ್ಲಿ ನಡೆಯುತ್ತದೆ ಅಂದರು, ಹಾಗೆಂದರೇನು?

ಹಿಂಗಾಲು:

ಪರೀಕ್ಷೆಗೆ ಕನಿಷ್ಠ ಒಂದೂವರೆ ಗಂಟೆ ಇಟ್ಟುಕೊಳ್ಳಿ, ಹಗಲಲ್ಲೇ ಹೋಗಿ. ಮೊದಲು ಸುತ್ತ ವಿಡಿಯೊ: ನಾಲ್ಕು ಮೂಲೆ, ಹಿಂದಿನ ಬಂಪರಿನ ಕೆಳಭಾಗ, ರಿಮ್ಮು, ಮುಂಗಾಜು, ಫೋನನ್ನು ಕೋಲಿಗೆ ಕಟ್ಟಿ ಎತ್ತಿ ಛಾವಣಿ. ಬಟ್ಟೆಯ ಮಾಡನ್ನು ಪೂರ್ತಿ ಬಿಡಿಸಿ ನೋಡಿ, ಹರಿದಿರುವುದು ಸುರುಳಿಯ ಒಳಗೇ ಇರುತ್ತದೆ. ಅಟ್ಟದ ಹಾಸಿಗೆಯ ಮೂಲೆಗಳಲ್ಲಿ ಗೋಡೆಯನ್ನು ಹೆಬ್ಬೆರಳಿಂದ ಒತ್ತಿ. ಮೆತ್ತಗಿದ್ದರೆ ಅಥವಾ ಮುಗ್ಗಲು ವಾಸನೆ ಬಂದರೆ ಮಳೆ ನೀರು ಇಳಿಯುತ್ತಿದೆ ಅಂತ ಅರ್ಥ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂತಿದ್ದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಈ ಗಾಡಿಗಳು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು, ಟೈರಿನ ಮೇಲ್ಮೈ ಸವೆಯದೆಯೇ ರಬ್ಬರು ಬಿರಿಯುತ್ತದೆ. ಆರು ವರ್ಷ ದಾಟಿದ್ದರೆ ಬದಲಿಸಿಕೊಡಲು ಕೇಳಿ. ಸ್ಟೆಪ್ನಿ ಇದೆಯಾ, ಬರೀ ಪಂಕ್ಚರ್ ದ್ರಾವಣವಾ ಅನ್ನುವುದೂ ಗೊತ್ತಿರಲಿ.

ಒಳಗೆ ನೀರಿನ ಪಂಪು ಹಾಕಿ, ಎಲ್ಲ ನಲ್ಲಿ ಮುಚ್ಚಿ ಸುಮ್ಮನೆ ನಿಂತು ಕೇಳಿಸಿಕೊಳ್ಳಿ. ಪಂಪು ನಿಂತು ನಿಂತೇ ಇದ್ದರೆ ಸರಿ. ಎರಡು ಮೂರು ನಿಮಿಷಕ್ಕೊಮ್ಮೆ ಟರ್ ಅಂದು ನಿಲ್ಲುತ್ತಿದ್ದರೆ ಎಲ್ಲೋ ಸೋರಿಕೆ ಇದೆ. ಮೇನ್ಸ್ ಕಿತ್ತು ಅರ್ಧ ಗಂಟೆ ಆದ ಮೇಲೆ ಮನೆ ಬ್ಯಾಟರಿ ಎಜಿಎಂ ಆದರೆ 12.6-12.8 ವೋಲ್ಟ್ ತೋರಿಸಬೇಕು. ಏನೂ ಹಾಕದೆಯೇ 12.2 ಅಂದರೆ ಅರ್ಧ ಖಾಲಿ. ಹೀಟರ್ ಹತ್ತು ನಿಮಿಷ ಓಡಿಸಿ, ಒಲೆಯ ಎಲ್ಲ ಬರ್ನರ್ ಹಚ್ಚಿ, ಉರಿ ನೀಲಿ ಇರಬೇಕು. ಹೊಗೆ, ಗ್ಯಾಸ್, ಕಾರ್ಬನ್ ಮಾನಾಕ್ಸೈಡ್ ಅಲಾರ್ಮುಗಳ ಗುಂಡಿ ಒತ್ತಿ ಕೂಗಿಸಿ, ಅವುಗಳ ಮೇಲಿನ ಅವಧಿಯ ದಿನಾಂಕ ಓದಿ.

ಇನ್ನೊಂದು, ನಗಬೇಡಿ: ನೀರು ತುಂಬುವ ಮುಚ್ಚಳ ಯಾವುದು, ಡೀಸೆಲ್ ಮುಚ್ಚಳ ಯಾವುದು, ಆಡ್‌ಬ್ಲೂ (ಡೀಸೆಲ್ ಹೊಗೆಯನ್ನು ಶುದ್ಧ ಮಾಡುವ ದ್ರವ, ಬೇರೆ ಟ್ಯಾಂಕಿನದು) ಯಾವುದು ಅಂತ ಕೈಯಿಟ್ಟು ತೋರಿಸಲು ಹೇಳಿ. ಕೆಲವು ಗಾಡಿಯಲ್ಲಿ ನೀರಿನ ಮುಚ್ಚಳ, ಡೀಸೆಲ್ ಮುಚ್ಚಳ ಎರಡೂ ಒಂದೇ ಬದಿ, ಒಂದೇ ಆಕಾರ. ನೀರಿನ ಟ್ಯಾಂಕಿಗೆ ಡೀಸೆಲ್ ಬಿದ್ದರೆ ಪೈಪು, ಪಂಪು, ಬಾಯ್ಲರ್‌ವರೆಗೆ ವಾಸನೆ ಹಿಡಿದು ಕೂರುತ್ತದೆ, ತೊಳೆದರೆ ಹೋಗುವುದಿಲ್ಲ. ಡೀಸೆಲ್ ಟ್ಯಾಂಕಿಗೆ ಆಡ್‌ಬ್ಲೂ ಬಿದ್ದರೆ ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ, ಬಾಡಿಗೆಯವರಿಗೆ ಫೋನ್ ಮಾಡಿ.

ಓಡಿಸುವುದು ಕಷ್ಟವಲ್ಲ, ಮರೆಯುವುದು ಅಪಾಯ. ಗಾಡಿಯ ಎತ್ತರ, ಅಗಲ, ಉದ್ದ, ತೂಕವನ್ನು ಚೀಟಿಯಲ್ಲಿ ಬರೆದು ಸ್ಟೇರಿಂಗ್ ಎದುರು ಅಂಟಿಸಿ. ಅಟ್ಟದ ಗಾಡಿ 3.1-3.2 ಮೀಟರ್ ಇರುತ್ತದೆ, ಛಾವಣಿಯ ಎಸಿ ಸೇರಿಸಿದ ಅಳತೆಯಾ ಅಂತ ಕೇಳಿ. ಕಾರಿನ ಮ್ಯಾಪ್ ಆ್ಯಪ್‌ಗೆ ನಿಮ್ಮ ಎತ್ತರ ಗೊತ್ತಿಲ್ಲ, ಅದು ತಗ್ಗಿನ ಸೇತುವೆ ಕೆಳಗೂ ಕಳಿಸುತ್ತದೆ. ರಸ್ತೆಯ ಅಂಚು ಇಳಿಜಾರಾಗಿದ್ದರೆ ಗಾಡಿ ಆ ಕಡೆಗೆ ವಾಲಿ, ಮೇಲಿನ ಮೂಲೆ ಮಾತ್ರ ಮರದ ಕೊಂಬೆಗೆ ತಾಗುತ್ತದೆ. ಚಕ್ರ ರಸ್ತೆಯಲ್ಲೇ ಇರುತ್ತದೆ, ಅದಕ್ಕೇ ಗೊತ್ತಾಗುವುದಿಲ್ಲ.

ಬಾಲದ ಹೊಡೆತ ಇನ್ನೊಂದು. ಹಿಂದಿನ ಚಕ್ರದ ಆಚೆ ಎರಡು ಮೀಟರಿಗೂ ಹೆಚ್ಚು ದೇಹ ಇರುತ್ತದೆ. ನೀವು ಎಡಕ್ಕೆ ತಿರುಗಿಸಿದರೆ ಆ ಬಾಲ ಬಲಕ್ಕೆ ಬೀಸುತ್ತದೆ. ಪೆಟ್ರೋಲ್ ಬಂಕಿನ ಕಂಬಕ್ಕೆ ಒರಗಿದಂತೆ ನಿಲ್ಲಿಸಿ, ಹೊರಡುವಾಗ ಸ್ಟೇರಿಂಗನ್ನು ಪೂರ್ತಿ ಕಂಬದಿಂದ ದೂರಕ್ಕೆ ತಿರುಗಿಸುವವರು ಹಿಂದಿನ ಮೂಲೆಯನ್ನು ಅಲ್ಲೇ ಬಿಟ್ಟುಹೋಗುತ್ತಾರೆ. ಮೊದಲು ಒಂದು ಗಾಡಿಯುದ್ದ ನೇರ ಮುಂದೆ ಹೋಗಿ, ಆಮೇಲೆ ಮೆಲ್ಲಗೆ ತಿರುಗಿಸಿ. ಹಿಂದಕ್ಕೆ ತೆಗೆಯುವಾಗ ಕ್ಯಾಮೆರಾ ಇದ್ದರೂ ಒಬ್ಬರು ಇಳಿದು, ನಿಮ್ಮ ಕನ್ನಡಿಯಲ್ಲಿ ಕಾಣುವ ಹಾಗೆ ನಿಲ್ಲಲಿ. ಕ್ಯಾಮೆರಾ ನೆಲ ತೋರಿಸುತ್ತದೆ, ಕೊಂಬೆ ತೋರಿಸುವುದಿಲ್ಲ.

ಇಳಿಜಾರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟೇ ಇಳಿಯಬೇಡಿ. ಇಳಿಯುವ ಮುಂಚೆಯೇ ಗೇರ್ ತಗ್ಗಿಸಿ, ಎಂಜಿನ್ನೇ ಹಿಡಿಯಲಿ. ವೇಗ 90ರ ಒಳಗೆ. ದೊಡ್ಡ ಲಾರಿ ಪಕ್ಕದಲ್ಲಿ ದಾಟುವಾಗ ಮೊದಲು ಆಚೆ ತಳ್ಳುತ್ತದೆ, ಆಮೇಲೆ ತನ್ನ ಕಡೆ ಎಳೆದುಕೊಳ್ಳುತ್ತದೆ. ಎರಡೂ ಕೈ ಸ್ಟೇರಿಂಗ್ ಮೇಲಿರಲಿ.

ಹನ್ನೆರಡುವೋಲ್ಟ್:

ಮೂರು ತರಹದ ಫ್ರಿಜ್ ಅಂದರೆ ಗ್ಯಾಸ್, ಮೇನ್ಸ್, 12 ವೋಲ್ಟ್ ಮೂರರಲ್ಲೂ ನಡೆಯುವ ಅಬ್ಸಾರ್ಪ್ಷನ್ ಫ್ರಿಜ್. ಅದರಲ್ಲಿ ಕಂಪ್ರೆಸರ್ ಇಲ್ಲ. ಅಮೋನಿಯಾ ಬೆರೆತ ನೀರನ್ನು ಕಾಯಿಸಿ, ಆವಿ ಮೇಲೇರಿ, ತಣಿದು, ಗುರುತ್ವದಿಂದಲೇ ಕೆಳಗಿಳಿಯುತ್ತದೆ. ಆದ್ದರಿಂದ ಗಾಡಿ ಸಮತಟ್ಟಾಗಿ ನಿಲ್ಲಬೇಕು. ವಾಲಿಸಿ ನಿಲ್ಲಿಸಿ ಗಂಟೆಗಟ್ಟಲೆ ಓಡಿಸಿದರೆ ದ್ರವ ಒಂದು ಕಡೆ ನಿಂತು, ಕಾಯಿಸುವ ಭಾಗ ಮಿತಿಮೀರಿ ಬಿಸಿಯಾಗಿ ಕೊಳವೆ ಕಟ್ಟಿಕೊಳ್ಳುತ್ತದೆ. ಚಕ್ರದ ಕೆಳಗಿಡುವ ಮೆಟ್ಟಿಲಿನಂಥ ಎರಡು ಪ್ಲಾಸ್ಟಿಕ್ ದಿಬ್ಬ ಗಾಡಿಯಲ್ಲಿರಲಿ, ಗಾಡಿಯೊಳಗಿನ ನೆಲದ ಮೇಲೆ ಮಟ್ಟಗೋಲು ಇಟ್ಟು ನೋಡಿ.

ಈ ಫ್ರಿಜ್ ತಣ್ಣಗಾಗಲು 8ರಿಂದ 12 ಗಂಟೆ ಬೇಕು. ಹಿಂದಿನ ರಾತ್ರಿಯೇ ಮೇನ್ಸ್‌ಗೆ ಹಾಕಿಡಲು ಬಾಡಿಗೆಯವರಿಗೆ ಹೇಳಿ, ಒಳಗಿಡುವುದನ್ನೂ ತಣ್ಣಗೇ ಇಡಿ. 12 ವೋಲ್ಟ್‌ನಲ್ಲಿ ಅದು ಎಂಜಿನ್ ಓಡುವಾಗ ಮಾತ್ರ ನಡೆಯುತ್ತದೆ. ಊಟಕ್ಕೆ ಎರಡು ಗಂಟೆ ನಿಲ್ಲಿಸಿದರೆ ಬಾಗಿಲು ತೆರೆಯದಿದ್ದರೆ ಸಾಕು, ಏನೂ ಆಗುವುದಿಲ್ಲ.

ಗ್ಯಾಸ್ ಸಿಲಿಂಡರಿನ ವಾಲ್ವ್ ಓಡುವಾಗ ಮುಚ್ಚಿರಲಿ. ಡಿಕ್ಕಿಯಾದ ಕೂಡಲೇ ತಾನೇ ಮುಚ್ಚಿಕೊಳ್ಳುವ ರೆಗ್ಯುಲೇಟರ್ ಇರುವ ಗಾಡಿಗೆ ಮಾತ್ರ ವಿನಾಯಿತಿ. ಬಂಕಿಗೆ ಹೋಗುವ ಮುಂಚೆ ಯಾವ ಉರಿಯೂ ಇರಬಾರದು, ಗ್ಯಾಸ್‌ನಲ್ಲಿ ಓಡುವ ಫ್ರಿಜ್ ಸೇರಿ. ಚಳಿ ಪ್ರದೇಶಕ್ಕೆ ಹೋಗುವುದಾದರೆ ಸಿಲಿಂಡರಿನಲ್ಲಿ ಪ್ರೊಪೇನ್ ಇರಲಿ. ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ, ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗುತ್ತದೆ. ಅದೇ ಚಳಿಯಲ್ಲಿ ಗಾಡಿ ಕೆಳಗೆ ನೀರು ಸುರಿಯುತ್ತಿದ್ದರೆ ಗಾಬರಿ ಬೇಡ. ಕೆಲವು ಬಾಯ್ಲರ್‌ಗಳು ಸುಮಾರು 3 ಡಿಗ್ರಿಗೆ ಇಳಿದಾಗ ಹೆಪ್ಪುಗಟ್ಟಿ ಒಡೆಯದಿರಲಿ ಅಂತ ನೀರನ್ನು ತಾವೇ ಹೊರಬಿಡುತ್ತವೆ. ಒಳಗೆ ಬೆಚ್ಚಗೆ ಮಾಡಿ ಆ ವಾಲ್ವನ್ನು ಮತ್ತೆ ಮುಚ್ಚಬೇಕು. ಒಲೆ ಹಚ್ಚಿ ಗಾಡಿ ಬೆಚ್ಚಗೆ ಮಾಡಬೇಡಿ, ನೆಲದಲ್ಲಿರುವ ಗಾಳಿಕಂಡಿಗಳಿಗೆ ಚಾಪೆ ಮುಚ್ಚಬೇಡಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಹೊರಹೋಗುವ ದಾರಿ ಅದೇ.

ಮೊದಲಸಲ:

ಕೊನೆಯದೊಂದು. ಬೆಳಿಗ್ಗೆ 10ಕ್ಕೆ ವಾಪಸ್ ಕೊಡಬೇಕು. ಆ ದಿನ ಎಷ್ಟು ಸಮಯ ಬೇಕು?

ನೀರಗಂಟಿ:

ಕೊನೆಯ ರಾತ್ರಿ ಬಾಡಿಗೆ ಅಂಗಳದಿಂದ ಒಂದು ಗಂಟೆ ದಾರಿಯೊಳಗೆ, ಟ್ಯಾಂಕ್ ಖಾಲಿ ಮಾಡುವ ವ್ಯವಸ್ಥೆ ಇರುವ ಕಡೆ ತಂಗಿ. ಬೆಳಿಗ್ಗೆ ಆರಕ್ಕೆ ಏಳಿ. ಅಲ್ಲೇ ಬ್ಲ್ಯಾಕ್, ಗ್ರೇ ಎರಡೂ ಖಾಲಿ ಮಾಡಿ ತೊಳೆಯಿರಿ, ಸಾಲು ಇದ್ದರೆ ಇದಕ್ಕೇ ಮುಕ್ಕಾಲು ಗಂಟೆ ಹೋಗುತ್ತದೆ. ಒಳಗೆ ಗುಡಿಸಿ ಒರೆಸಲು ಒಂದು ಗಂಟೆ, ಇಂಧನಕ್ಕೆ ಕಾಲು ಗಂಟೆ. ಶುಚಿಯ ದಂಡ ಬಹುಪಾಲು ಬೀಳುವುದು ತುಂಬಿದ ಕ್ಯಾಸೆಟ್ಟಿಗೆ, ಗುಡಿಸದ ನೆಲಕ್ಕಲ್ಲ.

ಹೊರಡುವ ಮುಂಚೆ, ಅದೊಂದು ದಿನವಲ್ಲ, ಪ್ರತಿ ದಿನವೂ, ಒಬ್ಬರೇ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ: ಕೇಬಲ್ ಕಿತ್ತಿದೆಯಾ, ನೀರಿನ ಪೈಪು ತೆಗೆದಿದೆಯಾ, ಮೆಟ್ಟಿಲು ಒಳಗಿದೆಯಾ, ಮಾಡು ಸುತ್ತಿದೆಯಾ, ಛಾವಣಿಯ ಕಿಟಕಿ ಮುಚ್ಚಿದೆಯಾ, ಸಿಲಿಂಡರ್ ಬಂದ್ ಆಗಿದೆಯಾ, ಡಿಕ್ಕಿಗಳಿಗೆ ಬೀಗ ಬಿದ್ದಿದೆಯಾ. ಇಬ್ಬರಿಗೆ ಹಂಚಿದರೆ ಕೇಬಲ್ಲನ್ನು ಇನ್ನೊಬ್ಬರು ಕಿತ್ತಿರುತ್ತಾರೆ ಅಂತ ಇಬ್ಬರೂ ಅಂದುಕೊಳ್ಳುತ್ತಾರೆ.